ಕಾಯುವವರ ಚರಿತ್ರೆ

ಪ್ರಾದೇಶಿಕ ಅಸಮಾನತೆಯ ಬಗೆಗಿನ ನಮ್ಮ ಚರ್ಚೆಗಳು ನೀರಾವರಿ, ರಸ್ತೆ, ಅನುದಾನಗಳ ಸುತ್ತಲೇ ತಿರುಗಿವೆ. ಈ ಲೆಕ್ಕದೊಳಗೆ ಕೇರಿ ಎಲ್ಲಿದೆ ಎಂಬುದು ನನ್ನ ಪ್ರಶ್ನೆ.

ಹಳೆಯ ಮೈಸೂರಿಗೆ 1916ರಲ್ಲೇ ವಿಶ್ವವಿದ್ಯಾನಿಲಯ ಬಂತು. 1918ರ ಮಿಲ್ಲರ್ ಸಮಿತಿಯಿಂದ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲಿನ ಪ್ರಶ್ನೆ ಮುನ್ನೆಲೆಗೆ ಬಂತು. ಅದರ ಫಲ ಬಲಿಷ್ಠ ಜಾತಿಗಳಿಗೆ ದಕ್ಕಿದಷ್ಟು ಅಸ್ಪೃಶ್ಯರಿಗೆ ದಕ್ಕಲಿಲ್ಲ, ನಿಜ. ಆದರೂ ಪಾಲು ಕೇಳುವ ಭಾಷೆಯೊಂದು ಹುಟ್ಟಿತು. ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರ ಸೀಮೆಗೆ ತನ್ನದೇ ವಿಶ್ವವಿದ್ಯಾನಿಲಯ ಸಿಕ್ಕಿದ್ದು 1980ರಲ್ಲಿ. ನಡುವೆ 64 ವರ್ಷ!

2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. 2013ರಲ್ಲಿ 371ಜೆ ಜಾರಿಗೆ ಬಂತು. ಇವು ಸಣ್ಣ ಗೆಲುವುಗಳಲ್ಲ. ಆದರೆ ತಾಲ್ಲೂಕು ಅಳೆಯುವ ಕೋಲು ಗೌಡರ ಮನೆಯನ್ನೂ ಕೇರಿಯನ್ನೂ ಒಂದೇ ಎಂದು ಅಳೆಯುತ್ತದೆ.

ಇದು ಕಣ್ಣಿಗೆ ಹೊಡೆಯೋದು ಬೆಂಗಳೂರಿನ ವಿಜಯನಗರದಲ್ಲಿ. ಪಕ್ಕದ ರಾಜಾಜಿನಗರಕ್ಕೆ ಒಂದು ಕಾಲದಲ್ಲಿ ಜನ ಕಾರ್ಖಾನೆ ಕೆಲಸ ಹುಡುಕಿ ಬಂದರು. ಈಗ ವಿಜಯನಗರಕ್ಕೆ ಬರುವ ಪದವೀಧರರು ಕೆಲಸಕ್ಕೆ ಬರುವುದಿಲ್ಲ, ಕೆಲಸಕ್ಕಾಗಿ ಕಾಯಲು ಬರುತ್ತಾರೆ. ಕೋಚಿಂಗ್ ಸೆಂಟರು, ಪೀಜಿ ರೂಮು, ಹಂಪಿನಗರದ ಗ್ರಂಥಾಲಯ, ಇಷ್ಟೇ ಅವರ ಊರು. ಯಾದಗಿರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿ ಹೇಳಿದ್ದು: "ಪರೀಕ್ಷಾ ಮುಂದ ಹೋದ್ರ ನಮ್ಮವ್ವ ಇನ್ನೊಂದು ವರ್ಷ ಕೂಲಿಗಿ ಹೋಗಬೇಕ್ರಿ ಸರ."

ಪರೀಕ್ಷೆಗಳು ಮುಂದೆ ಹೋಗುತ್ತಲೇ ಇವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯೂ 2024ರ ಆಗಸ್ಟಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಮತ್ತೊಮ್ಮೆ ನಡೆಯಿತು. ಕಾರಣ, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದ ತಪ್ಪುಗಳು. ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಮಕ್ಕಳಿಗೆ ಇದಕ್ಕಿಂತ ಅವಮಾನ ಬೇಕೆ?

ಹೊಲ ಇದ್ದವರು, ಅಪ್ಪನ ಪಿಂಚಣಿ ಇದ್ದವರು ಎರಡು ವರ್ಷ ಕಾಯಬಲ್ಲರು. ಕೇರಿಯ ಹುಡುಗ ಆರು ತಿಂಗಳಿಗೇ ರೂಮು ಖಾಲಿ ಮಾಡಿ ಡೆಲಿವರಿ ಬ್ಯಾಗು ಹೊರುತ್ತಾನೆ. ಹುಡುಗಿಯನ್ನು ಊರಿಗೆ ಕರೆಸಿ ಮದುವೆ ಮಾಡಿಬಿಡುತ್ತಾರೆ. ಇವರನ್ನು ಯಾರೂ ಫೇಲು ಮಾಡಲಿಲ್ಲ. ವಿಳಂಬವೇ ಸೋಸಿ ಹೊರಗಿಟ್ಟಿತು. ಕಾಯುವ ಶಕ್ತಿಯೂ ನಮ್ಮಲ್ಲಿ ಜಾತಿಯ ಆಸ್ತಿಯೇ.

ಮೀಸಲಾತಿ ಬಾಗಿಲು ತೆರೆದಿದೆ. ಆದರೆ ಬಾಗಿಲ ಮುಂದೆ ನಿಲ್ಲುವ ಜಾಗಕ್ಕೂ ಬಾಡಿಗೆ ಕಟ್ಟಬೇಕು. ಆದ್ದರಿಂದ ದಲಿತ ಚಳವಳಿ ಹುದ್ದೆಗಳ ಲೆಕ್ಕದ ಜೊತೆಗೆ ಕಾಲದ ಲೆಕ್ಕವನ್ನೂ ಕೇಳಬೇಕು: ನೇಮಕಾತಿಗೆ ತಪ್ಪದ ವೇಳಾಪಟ್ಟಿ, ಕಾಯುವವರಿಗೆ ಹಾಸ್ಟೆಲು, ಊಟ, ವಿದ್ಯಾರ್ಥಿವೇತನ. ಇದು ದಯೆಯ ಮಾತಲ್ಲ, ಬಾಕಿಯ ಮಾತು.