ರೇಸ್ ಕಾರಿನ ಏರ್‌ಬ್ರಷ್ ಚಿತ್ರಕಲೆ

ಕುಂಚವನ್ನು ಸೋಕಿಸದೆ, ಒತ್ತಡದ ಗಾಳಿಯಲ್ಲಿ ಬಣ್ಣವನ್ನು ಮಂಜಿನಂತೆ ತೂರಿ, ಕ್ಯಾನ್ವಾಸಿನ ಮೇಲೆ ಸ್ಪರ್ಧೆಯ ಕಾರನ್ನು ಛಾಯಾಚಿತ್ರದಷ್ಟೇ ನಿಜವಾಗಿ ಬರೆಯುವ ಕಲೆ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇದಕ್ಕೆ ಸ್ಪಷ್ಟ ರೂಪ ಬಂತು. ಉಪಕರಣದ ಚರಿತ್ರೆಯಾದರೋ ಅದಕ್ಕಿಂತ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ನಿಜವಾದ ಕಾರಿನ ತಗಡಿಗೆ ಬಣ್ಣ ಹೊಡೆಯುವುದೂ ಗಾಳಿಯೇ, ಚಿತ್ರದ ಕಾರಿಗೆ ಬಣ್ಣ ಕೂರಿಸುವುದೂ ಗಾಳಿಯೇ. ಈ ಚಿತ್ರಗಳು ಕಣ್ಣನ್ನು ಅಷ್ಟು ಸಲೀಸಾಗಿ ನಂಬಿಸುವುದಕ್ಕೆ ಈ ಸಾಮ್ಯ ದೊಡ್ಡ ಕಾರಣ.

ಏರ್‌ಬ್ರಷ್ ಮತ್ತು ರೇಸ್ ಕಾರು ಒಂದೇ ಮನೆಯಲ್ಲಿ ಆಡಿ ಬೆಳೆದವು ಎಂದರೂ ತಪ್ಪಿಲ್ಲ. ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನಕ್ಕೆ 1876ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಫ್ರಾನ್ಸಿಸ್ ಎಡ್ಗರ್ ಸ್ಟ್ಯಾನ್ಲಿ. ಭಾವಚಿತ್ರಗಳನ್ನು ತೆಗೆಯುತ್ತಿದ್ದ ಅವರಿಗೆ ಅವುಗಳಿಗೆ ಬಣ್ಣ ತುಂಬುವ ಸುಲಭ ದಾರಿ ಬೇಕಿತ್ತು. ಅವರ ಸಾಧನ ಅತ್ತರಿನ ಬಾಟಲಿಯ ಪಿಚಕಾರಿಯ ಹಾಗೆ ಕೆಲಸ ಮಾಡುತ್ತಿತ್ತು. ಇದೇ ಫ್ರಾನ್ಸಿಸ್ ತಮ್ಮ ಅವಳಿ ಸಹೋದರ ಫ್ರೀಲನ್ ಜೊತೆಗೂಡಿ 1897ರಲ್ಲಿ ಉಗಿ ಕಾರು ಕಟ್ಟಿದರು. 1906ರ ಜನವರಿಯಲ್ಲಿ ಫ್ಲಾರಿಡಾದ ಸಮುದ್ರತೀರದ ಮರಳಿನ ಮೇಲೆ ಫ್ರೆಡ್ ಮ್ಯಾರಿಯಟ್ ಓಡಿಸಿದ ಸ್ಟ್ಯಾನ್ಲಿ ಕಾರು ಗಂಟೆಗೆ 205 ಕಿಲೋಮೀಟರಿಗೂ ಮಿಕ್ಕಿ ಓಡಿ ವೇಗದ ವಿಶ್ವದಾಖಲೆ ಬರೆಯಿತು. ಉಗಿ ಕಾರುಗಳ ಮಟ್ಟಿಗೆ ಆ ದಾಖಲೆ ಅಧಿಕೃತವಾಗಿ ಮುರಿದದ್ದು 2009ರಲ್ಲಿ.

ಸ್ಟ್ಯಾನ್ಲಿಯ ಸಾಧನವನ್ನು ಲೇಖನಿಯಂತೆ ಕೈಯಲ್ಲಿ ಹಿಡಿದು ಬರೆಯಲು ಬರುತ್ತಿರಲಿಲ್ಲ. ಅಯೋವಾದ ಆಬ್ನರ್ ಪೀಲರ್ 1879ರ ಹೊತ್ತಿಗೆ ಜಲವರ್ಣಕ್ಕೆ ಒದಗುವ ಒರಟು ಉಪಕರಣವೊಂದನ್ನು ಜೋಡಿಸಿದರು. ಹೊಲಿಗೆ ಸೂಜಿ, ಚಮಚ, ಮರದ ತುಂಡುಗಳು ಅದರ ಬಿಡಿಭಾಗಗಳು. ಅದರ ಹಕ್ಕನ್ನು ಕೊಂಡ ಲಿಬರ್ಟಿ ವಾಕಪ್ ಅದನ್ನು ತಿದ್ದಿ, ಇಲಿನಾಯ್ ರಾಜ್ಯದಲ್ಲಿ ಕಾರ್ಖಾನೆ ಹಾಕಿ, ಏರ್‌ಬ್ರಷ್ ಎಂಬ ಹೆಸರಿನಲ್ಲಿ ಮಾರಿದರು. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಬಣ್ಣ ಮತ್ತು ಗಾಳಿ ಮೂತಿಯೊಳಗೇ ಬೆರೆಯುವಂತೆ ಮಾಡಿ, ಅದನ್ನು ಪೆನ್ನಿನ ಆಕಾರಕ್ಕೆ ತಂದರು. ಇಂದು ಕಲಾವಿದರ ಕೈಯಲ್ಲಿರುವುದು ಬಹುಮಟ್ಟಿಗೆ ಬರ್ಡಿಕ್ ಅವರ ವಿನ್ಯಾಸದ ಸಂತತಿ.

ನಂತರದ ಅರ್ಧ ಶತಮಾನ ಏರ್‌ಬ್ರಷ್ ಜಾಹೀರಾತು ಮತ್ತು ಫೋಟೊ ಸ್ಟುಡಿಯೋಗಳ ದುಡಿಮೆಯ ಸಾಧನವಾಗಿಯೇ ಉಳಿಯಿತು. 1917ರಿಂದ 1919ರ ನಡುವೆ ಅಮೆರಿಕದ ಕಲಾವಿದ ಮ್ಯಾನ್ ರೇ ಅದರಿಂದ ಕಲಾಕೃತಿಗಳನ್ನು ರಚಿಸಿದರು, ಆದರೆ ಉಪಕರಣದ ಮೇಲಿದ್ದ ‘ಕಸುಬುದಾರರ ಸಾಮಾನು’ ಎಂಬ ಮುದ್ರೆ ಅಳಿಸಲಿಲ್ಲ. ರೇಸ್ ಕಾರಿನ ಚಿತ್ರಕಲೆ ಆಗ ಬೇರೆಯೇ ಹಾದಿಯಲ್ಲಿತ್ತು. ಬ್ರಿಟನ್ನಿನ ಗಾರ್ಡನ್ ಕ್ರಾಸ್ಬಿ ‘ದಿ ಆಟೋಕಾರ್’ ಪತ್ರಿಕೆಗೆ, ಫ್ರಾನ್ಸಿನ ಜಿಯೊ ಹ್ಯಾಮ್ 1930ರ ದಶಕದ ಮೊನಾಕೊ ಗ್ರಾಂ ಪ್ರಿ ಭಿತ್ತಿಪತ್ರಗಳಿಗೆ ಬರೆದ ಕಾರುಗಳಲ್ಲಿ ಧೂಳು, ಆವೇಶ, ಅವಸರ ಎಲ್ಲವೂ ಇವೆ. ಹೊಳೆಯುವ ಲೋಹದ ತಣ್ಣನೆಯ ನಿಖರತೆ ಅವರ ಗುರಿಯಾಗಿರಲಿಲ್ಲ.

ಈ ಎರಡು ಹಾದಿಗಳು ಕೂಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ನಾವು ಟಿಂಕರಿಂಗ್-ಪೇಂಟಿಂಗ್ ಶೆಡ್ ಎನ್ನುತ್ತೇವಲ್ಲ, ಅಂಥ ಜಾಗದಲ್ಲಿ. 1923ರಲ್ಲಿ ಡುಪಾಂಟ್ ಕಂಪನಿಯ ‘ಡುಕೊ’ ಲ್ಯಾಕರ್ ಬಂದ ಮೇಲೆ ಕಾರಿಗೆ ಬಣ್ಣ ಹಚ್ಚುವ ಕೆಲಸ ಕುಂಚ ಬಿಟ್ಟು ಸ್ಪ್ರೇ ಗನ್ನಿಗೆ ಬಂದಿತ್ತು. ಎರಡನೇ ಮಹಾಯುದ್ಧದ ನಂತರ ಹಳೆಯ ಕಾರುಗಳನ್ನು ಮನಬಂದಂತೆ ಮಾರ್ಪಡಿಸಿ, ಪದರಪದರವಾಗಿ ಬಣ್ಣ ಕೊಡುವ ಹುಚ್ಚು ಅಲ್ಲಿನ ಹುಡುಗರಿಗೆ ಹಿಡಿಯಿತು. 1950ರ ದಶಕದ ಕೊನೆಗೆ ಅಂಥ ಕಾರುಗಳನ್ನು ಕಟ್ಟುತ್ತಿದ್ದ ಎಡ್ ರಾತ್ ಕಾರು ಮೇಳಗಳಲ್ಲಿ ಕುಳಿತು ಟೀ ಶರ್ಟುಗಳ ಮೇಲೆ ಏರ್‌ಬ್ರಷ್‌ನಿಂದ ರಾಕ್ಷಸ ಮುಖಗಳನ್ನೂ ಕಾರುಗಳನ್ನೂ ಬರೆದುಕೊಡುತ್ತಿದ್ದರು. ಬ್ರಿಟನ್ನಿನ ಪಾಪ್ ಕಲಾವಿದ ಪೀಟರ್ ಫಿಲಿಪ್ಸ್ 1964ರಲ್ಲಿ ನ್ಯೂಯಾರ್ಕಿಗೆ ಬಂದು, ಈ ಶೆಡ್ಡುಗಳ ಹೊಳಪನ್ನು ಏರ್‌ಬ್ರಷ್ ಮೂಲಕವೇ ದೊಡ್ಡ ಕ್ಯಾನ್ವಾಸುಗಳಿಗೆ ತಂದರು.

ನಿರ್ಣಾಯಕ ಹೆಜ್ಜೆ ಇಟ್ಟವರು ಡಾನ್ ಎಡ್ಡಿ. 1944ರಲ್ಲಿ ಲಾಂಗ್ ಬೀಚ್‌ನಲ್ಲಿ ಹುಟ್ಟಿದ ಅವರು ಏರ್‌ಬ್ರಷ್ ಹಿಡಿಯಲು ಕಲಿತದ್ದು ಕಲಾಶಾಲೆಯಲ್ಲಲ್ಲ, ತಂದೆಯ ಗ್ಯಾರೇಜಿನಲ್ಲಿ. 1970ರ ಸುಮಾರಿಗೆ ಅವರು ಬರೆದ ಬಂಪರ್ ಚಿತ್ರಗಳಲ್ಲಿ ಕಾರಿನ ಸಣ್ಣ ಭಾಗವಷ್ಟೇ ಇದೆ. ಅದರ ಕ್ರೋಮಿನಲ್ಲಿ ಬೀದಿ, ಆಕಾಶ, ಎದುರಿನ ಕಾರು ಎಲ್ಲ ಸೊಟ್ಟಗಾಗಿ ಪ್ರತಿಫಲಿಸುತ್ತವೆ. ಎಡ್ಡಿ ಮುಂದೆ ರೂಢಿಸಿಕೊಂಡ ಕ್ರಮ ಅಸಾಧಾರಣ ತಾಳ್ಮೆಯದು: ಮೊದಲು ಹಸಿರು, ಆಮೇಲೆ ಕಂದು, ಅನಂತರ ನೇರಳೆ, ಹೀಗೆ ಮೂರು ಪಾರದರ್ಶಕ ಬಣ್ಣಗಳ ತಳಪದರವನ್ನು ಚುಕ್ಕೆಯಂಥ ಪುಟ್ಟ ವೃತ್ತಗಳಲ್ಲಿ ಕೂರಿಸಿ, ಅದರ ಮೇಲೆ ನಿಜವಾದ ಬಣ್ಣಗಳನ್ನು ಕಟ್ಟುತ್ತಾ ಹೋಗುವುದು. ನ್ಯೂಯಾರ್ಕಿನ ಗ್ಯಾಲರಿ ಮಾಲೀಕ ಲೂಯಿ ಮೈಸೆಲ್ 1969ರಲ್ಲಿ ಈ ಪೀಳಿಗೆಯ ಕಲೆಗೆ ‘ಫೋಟೊರಿಯಲಿಸಂ’ ಎಂದು ಹೆಸರಿಟ್ಟರು. ಅದೇ ಬಳಗದ ರಾನ್ ಕ್ಲೀಮನ್ ಪ್ರಾಯೋಜಕರ ಹೆಸರುಗಳನ್ನು ಮೈತುಂಬ ಹೊತ್ತ ರೇಸ್ ಕಾರುಗಳನ್ನೇ ವಸ್ತುವಾಗಿ ಆರಿಸಿಕೊಂಡರು. ಸ್ಪರ್ಧೆಯ ಕಾರು ಗ್ಯಾಲರಿಯ ಗೋಡೆಗೆ ಹಕ್ಕಿನಿಂದ ಏರಿದ್ದು ಈ ಪೀಳಿಗೆಯಲ್ಲಿ.

ಇನ್ನು ಕೈಕೆಲಸ. ಇಂದು ಹೆಚ್ಚು ಬಳಕೆಯಲ್ಲಿರುವ ಏರ್‌ಬ್ರಷ್‌ನ ಗುಂಡಿಯನ್ನು ಒತ್ತಿದರೆ ಗಾಳಿ ಹೊರಡುತ್ತದೆ, ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ ಬರುತ್ತದೆ. ಮೂತಿಯ ರಂಧ್ರ ಸಾಮಾನ್ಯವಾಗಿ 0.2ರಿಂದ 0.5 ಮಿಲಿಮೀಟರ್. ಹತ್ತಿರ ಹಿಡಿದರೆ ಕೂದಲೆಳೆ, ದೂರ ಹಿಡಿದರೆ ಮಬ್ಬು. ಮೊದಲ ತೊಡಕು ಕ್ಯಾನ್ವಾಸಿನದೇ. ಬಟ್ಟೆಯ ನೇಯ್ಗೆ ಎದ್ದು ಕಂಡರೆ ತಗಡಿನ ನುಣುಪು ಸುಳ್ಳಾಗುತ್ತದೆ. ಆದ್ದರಿಂದ ಗೆಸ್ಸೊ ಎಂಬ ಬಿಳಿ ತಳಲೇಪವನ್ನು ಪದರದ ಮೇಲೆ ಪದರ ಬಳಿದು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ನೇಯ್ಗೆ ಮರೆಯಾಗುವವರೆಗೆ ನೆಲ ಹದಮಾಡಬೇಕು. ಕಾರಿಗೆ ಬಣ್ಣ ಹೊಡೆಯುವ ಮುನ್ನ ಪ್ರೈಮರ್ ಉಜ್ಜುವುದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ.

ಏರ್‌ಬ್ರಷ್ ತಾನಾಗಿ ಚೂಪಾದ ಅಂಚನ್ನು ಕೊಡುವುದಿಲ್ಲ, ಅದರ ಸ್ವಭಾವವೇ ಮಬ್ಬು. ಬಾನೆಟ್ಟಿನ ಗಡಿ, ಸಂಖ್ಯೆ, ಅಕ್ಷರಗಳೆಲ್ಲ ಅಂಟುಹಾಳೆಯನ್ನು ಬ್ಲೇಡಿನಿಂದ ಕೊರೆದು ಮರೆಕಟ್ಟಿದಾಗ ಮೂಡುತ್ತವೆ. ರೇಸ್ ಕಾರಿನ ವಿಷಯದಲ್ಲಿ ಈ ಮಬ್ಬೇ ದೊಡ್ಡ ವರ. ಓಡುವ ಕಾರನ್ನು ಕ್ಯಾಮೆರಾ ತಿರುಗಿಸುತ್ತಾ ಹಿಂಬಾಲಿಸಿ ತೆಗೆದ ಫೋಟೊದಲ್ಲಿ ಕಾರು ಸ್ಪಷ್ಟವಾಗಿರುತ್ತದೆ. ಟ್ರ್ಯಾಕ್, ಬೇಲಿ, ಜನ ಅಡ್ಡಗೆರೆಗಳಾಗಿ ಕರಗಿರುತ್ತಾರೆ, ಚಕ್ರದ ಅರೆಗಳು ಒಂದರೊಳಗೊಂದು ಕಲೆತಿರುತ್ತವೆ. ಕುಂಚಕ್ಕೆ ದಿನಗಟ್ಟಲೆ ಹಿಡಿಯುವ ಈ ಕರಗುವಿಕೆಯನ್ನು ಏರ್‌ಬ್ರಷ್ ಕೆಲವೇ ಬೀಸುಗಳಲ್ಲಿ ಕೊಡುತ್ತದೆ.

ಬಣ್ಣಗಳಲ್ಲಿ ಕೆಂಪು ಕಠಿಣ. ಹೊಳಪಿಗೆಂದು ಬಿಳಿ ಬೆರೆಸಿದರೆ ಫೆರಾರಿ ಗುಲಾಬಿಯಾಗುತ್ತದೆ. ಅನುಭವಿಗಳು ಬೆಳಕಿಗೆ ಕಿತ್ತಳೆ, ನೆರಳಿಗೆ ಪಾರದರ್ಶಕ ನೇರಳೆ ಅಥವಾ ಕಂದು ಬಳಸುತ್ತಾರೆ. ಬಿಳಿಯನ್ನು ಕೊನೆಯ ಮಿಂಚಿಗೆ ಮಾತ್ರ ಕಾದಿಡುತ್ತಾರೆ. ಕಪ್ಪು ಕಾರಿನ ಸಮಸ್ಯೆ ಬೇರೆ. 1972ರಲ್ಲಿ ಕಪ್ಪು-ಚಿನ್ನದ ಬಣ್ಣ ತೊಟ್ಟ ಲೋಟಸ್ 72ರಂಥ ಕಾರನ್ನು ಬರೆಯುವವರು ನಿಜಕ್ಕೂ ಬರೆಯುವುದು ಆಕಾಶವನ್ನು, ಟ್ರ್ಯಾಕನ್ನು, ಅವು ಆ ಮೈಮೇಲೆ ಬಾಗುವ ರೀತಿಯನ್ನು. 1981ರ ಮೆಕ್‌ಲಾರೆನ್ ಎಂಪಿ4/1ರಿಂದ ಫಾರ್ಮುಲಾ ಒನ್‌ಗೆ ಕಾರ್ಬನ್ ಫೈಬರ್ ಒಡಲು ಬಂದಿತು. ಅದರ ನೇಯ್ಗೆಯನ್ನು ತೋರಿಸಲು ಪೇಂಟರುಗಳು ರಬ್ಬರ್ ಜಾಲರಿಯನ್ನು ಹಾಸಿ ಅದರ ಮೇಲೆ ಬಣ್ಣ ಸಿಂಪಡಿಸುವ ಉಪಾಯ ಕಂಡುಕೊಂಡರು.

1990ರಲ್ಲಿ ಫೋಟೊಶಾಪ್ ಬಂದು, ಏರ್‌ಬ್ರಷ್ ಎಂಬ ಹೆಸರಿನ ಸಾಧನ ಕಂಪ್ಯೂಟರಿನೊಳಗೆ ಸೇರಿದ ಮೇಲೆ ಜಾಹೀರಾತಿನ ಕೆಲಸ ಬಹುಪಾಲು ಕೈತಪ್ಪಿತು. ರೇಸಿಂಗ್ ಲೋಕ ಮಾತ್ರ ಈ ಕಸುಬನ್ನು ಬಿಡಲಿಲ್ಲ. ಚಾಲಕರ ಹೆಲ್ಮೆಟ್ ಬಣ್ಣ ಹೊಡೆಯುವ ಕೆಲಸ ಇಂದಿಗೂ ಕೈಯದೇ. ಬ್ರೆಜಿಲಿನ ಸಿಡ್ ಮೊಸ್ಕಾ ಐರ್ಟನ್ ಸೆನ್ನಾ ಅವರ ಹಳದಿ ಹೆಲ್ಮೆಟ್ಟಿನಿಂದ, ಜರ್ಮನಿಯ ಯೆನ್ಸ್ ಮುನ್ಸರ್ ಮೈಕೆಲ್ ಶೂಮಾಕರ್ ಅವರ ಹೆಲ್ಮೆಟ್ಟುಗಳಿಂದ ಹೆಸರಾದರು.

ಇಂಥ ಚಿತ್ರದ ಮೂಲಪ್ರತಿ ಎಲ್ಲಾದರೂ ನೋಡಸಿಕ್ಕರೆ ಬಾನೆಟ್ಟಿನ ಹೊಳಪಿನಲ್ಲೇ ಕಣ್ಣು ನೆಟ್ಟು ನಿಲ್ಲಬೇಡಿ. ಹತ್ತಿರ ಹೋಗಿ, ಟೈರು ನೆಲಕ್ಕೆ ತಾಗುವ ಜಾಗವನ್ನು ಓರೆಯಾಗಿ ನೋಡಿ. ಮರೆಹಾಳೆ ಎತ್ತಿದಲ್ಲಿ ಬಣ್ಣದ ಅತಿ ಸಣ್ಣ ಏರು ಕಾಣುತ್ತದೆ, ಅದರಾಚೆ ಚುಕ್ಕೆಗಳು ನೆರಳಿನೊಳಗೆ ಕರಗುತ್ತವೆ. ಅಚ್ಚಿನ ಪ್ರತಿಯಲ್ಲಿ ಇವೆರಡೂ ಇರುವುದಿಲ್ಲ.