ಪ್ಲೇಗಿನ ಕಾಲದ ಮುಂಬಯಿ: ಯಾರ ಆಸ್ಪತ್ರೆ?

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಓಣಿಗಳಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದ ಮೇಲೆ, ಮುಂಬಯಿಯ ಜನ ರೋಗಕ್ಕಿಂತ ಆಸ್ಪತ್ರೆಗೇ ಹೆಚ್ಚು ಅಂಜಿದರು. ಮನೆಯವರಿಂದ ಅಗಲಿಸಿ ಒಯ್ಯುವರು, ಊಟ-ಉಪಚಾರದ ಕಟ್ಟಳೆ ಕೆಡುವುದು, ಸತ್ತರೆ ಸಂಸ್ಕಾರವೂ ದಕ್ಕದು ಎಂಬ ಆ ಭಯವನ್ನು ಬರಿಯ ಮೌಢ್ಯವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆಯೇ ಏರಿಹೋದರು. ಇಂದು ನಾವು ಕಸ್ತೂರಬಾ ಎಂದು ಕರೆಯುವ ಆಸ್ಪತ್ರೆಯೇ ಅದು.

ಸಮುದಾಯಗಳು ತಮ್ಮದೇ ಪ್ಲೇಗ್ ಆಸ್ಪತ್ರೆಗಳನ್ನು ತೆರೆಯತೊಡಗಿದ ಮೇಲೆ ಆ ಬಿಗಿ ಕೊಂಚ ಸಡಿಲಿತು. ಔಷಧ ಅಲ್ಲಿಯೂ ಹೆಚ್ಚೇನಿರಲಿಲ್ಲ. ಪರಿಚಿತ ಮುಖಗಳಿದ್ದವು, ತಮ್ಮವರ ಅಡುಗೆಯಿತ್ತು. ಹಾಫ್‌ಕಿನ್ ಲಸಿಕೆಗೂ ಹೀಗೆಯೇ ದಾರಿಯಾಯಿತು. ಇನ್ನೂ ತರುಣರಾಗಿದ್ದ ಮೂರನೆಯ ಆಗಾ ಖಾನರು ತಮ್ಮವರ ಕಣ್ಣೆದುರೇ ಚುಚ್ಚಿಸಿಕೊಂಡರು. ಸರ್ಕಾರದ ಫರ್ಮಾನಿಗೆ ಬಗ್ಗದವರು ತಮ್ಮ ಇಮಾಮರ ತೋಳನ್ನು ನಂಬಿದರು.

ಆದರೆ ಹಣವಂತ ಸಮುದಾಯವಿಲ್ಲದವರ ಪಾಡೇನು? ಉತ್ತರಕ್ಕೆ ಪುಣೆಯತ್ತ ನೋಡಬೇಕು. ಸತ್ಯಶೋಧಕ ಸಮಾಜದ ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಪುತ್ರ ಡಾ. ಯಶವಂತರು ಊರ ಹೊರಗೆ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದರು. ಮುಂಢವೆಯ ಮಹಾರ್ ಕೇರಿಯ ಬಾಲಕನೊಬ್ಬನನ್ನು ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ಸೋಂಕು ತಗುಲಿ, 1897ರ ಮಾರ್ಚ್ 10ರಂದು ತೀರಿಕೊಂಡರು.