ತಾಮ್ರದ ದುಡ್ಡು, ಮೊಂಟಾನಾದ ಮತ

ಚುನಾವಣೆಯಲ್ಲಿ ಹಣ ಎಂದೊಡನೆ ನಮಗೆ ನೆನಪಾಗುವುದು ಲಂಚ. ಯಾರೋ ಕೊಟ್ಟರು, ಯಾರೋ ತೆಗೆದುಕೊಂಡರು, ಬದಲಿಗೆ ಒಂದು ಕೆಲಸವಾಯಿತು. ಕಾನೂನು ಹುಡುಕುವುದೂ ಬಹುಮಟ್ಟಿಗೆ ಇದನ್ನೇ. ಅಮೆರಿಕದ ಮೊಂಟಾನಾ ರಾಜ್ಯದ ಇತಿಹಾಸವನ್ನು ನೋಡಿದವರಿಗೆ ಈ ಹುಡುಕಾಟ ಎಷ್ಟು ಸಂಕುಚಿತ ಎಂಬುದು ತಿಳಿಯುತ್ತದೆ. ಹಾಗೆಂದು ಅಲ್ಲಿ ಲಂಚಕ್ಕೇನೂ ಕೊರತೆಯಿರಲಿಲ್ಲ. 1889ರಲ್ಲಿ ರಾಜ್ಯವಾದ ಮೊಂಟಾನಾದ ಬ್ಯೂಟ್ ಪಟ್ಟಣದ ಗುಡ್ಡದಡಿ ಅಪಾರ ತಾಮ್ರವಿತ್ತು. ವಿದ್ಯುತ್ ತಂತಿಗಳು ಊರೂರಿಗೆ ಹರಡುತ್ತಿದ್ದ ಕಾಲ ಅದು. ಗಣಿ ಒಡೆಯರಾದ ವಿಲಿಯಂ ಕ್ಲಾರ್ಕ್ ಮತ್ತು ಮಾರ್ಕಸ್ ಡೇಲಿ ಕಡು ವೈರಿಗಳು. ಕ್ಲಾರ್ಕ್‌ಗೆ ಅಮೆರಿಕದ ಸೆನೆಟ್ ಸದಸ್ಯನಾಗುವ ಹಂಬಲ. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದವರು ಜನರಲ್ಲ, ರಾಜ್ಯದ ಶಾಸಕರು. 1899ರ ಜನವರಿಯಲ್ಲಿ ಫ್ರೆಡ್ ವೈಟ್‌ಸೈಡ್ ಎಂಬ ಶಾಸಕ, ಕ್ಲಾರ್ಕ್‌ಗೆ ಮತ ಹಾಕಿಸಲು ಕೊಟ್ಟ ಹಣವೆಂದು ಸಾವಿರ ಡಾಲರಿನ ಮೂವತ್ತು ನೋಟುಗಳನ್ನು ಸದನದ ಮುಂದಿಟ್ಟರು. ಅದಾಗಿ ಮೂರು ವಾರ ಕಳೆಯುವುದರೊಳಗೆ ಅದೇ ಸದನ ಕ್ಲಾರ್ಕ್‌ನನ್ನೇ ಆರಿಸಿ ಕಳಿಸಿತು! ವಾಷಿಂಗ್‌ಟನ್ನಿನಲ್ಲಿ ಸೆನೆಟ್ಟಿನ ಸಮಿತಿ ಆ ಆಯ್ಕೆ ಸಿಂಧುವಲ್ಲ ಎಂದಾಗ 1900ರ ಮೇ ತಿಂಗಳಲ್ಲಿ ಆತ ರಾಜೀನಾಮೆ ಕೊಟ್ಟ. 1901ರಲ್ಲಿ ಮತ್ತೆ ಆಯ್ಕೆಯಾಗಿ ಪೂರ್ತಿ ಆರು ವರ್ಷ ಕುಳಿತ.

ಈ ಕಥೆ ಎಲ್ಲರೂ ಹೇಳುವಂಥದ್ದು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು 1903ರಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಸ್ಟ್ಯಾಂಡರ್ಡ್ ಆಯಿಲ್ ಬಳಗದ ಬಂಡವಾಳಗಾರರು ಕಟ್ಟಿದ ಅಮಾಲ್ಗಮೇಟೆಡ್ ಕಾಪರ್ ಕಂಪನಿ ಡೇಲಿಯ ಗಣಿಗಳನ್ನು ಕೊಂಡಿತ್ತು. ಅದಕ್ಕೆ ಎದುರು ನಿಂತವನು ಅಗಸ್ಟಸ್ ಹೈನ್ಜೆ. ಬ್ಯೂಟ್‌ನ ನ್ಯಾಯಾಧೀಶ ವಿಲಿಯಂ ಕ್ಲಾನ್ಸಿ ಅವನ ಕಡೆಯವನೆಂದು ಹೆಸರಾಗಿದ್ದ. ಅಕ್ಟೋಬರ್‌ನಲ್ಲಿ ಕ್ಲಾನ್ಸಿಯ ತೀರ್ಪು ವಿರುದ್ಧವಾಗಿ ಬಂದದ್ದೇ ತಡ, ಕಂಪನಿ ರಾಜ್ಯದಲ್ಲಿದ್ದ ತನ್ನ ಗಣಿ, ಕುಲುಮೆ, ಮರದ ಮಿಲ್ಲುಗಳನ್ನೆಲ್ಲ ಮುಚ್ಚಿತು. ಸುಮಾರು 15,000 ಜನ ಕೆಲಸವಿಲ್ಲದೆ ಬೀದಿಗೆ ಬಿದ್ದರು. 1900ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 2.43 ಲಕ್ಷ ಎಂಬುದನ್ನು ನೆನೆದರೆ ಆ ಪೆಟ್ಟಿನ ತೂಕ ತಿಳಿಯುತ್ತದೆ. ಎದುರಿಗೆ ಮೊಂಟಾನಾದ ಚಳಿಗಾಲ ಬೇರೆ. ಪಕ್ಷಪಾತದ ಶಂಕೆಯಿದ್ದರೆ ನ್ಯಾಯಾಧೀಶರನ್ನು ಬದಲಿಸಿಕೊಳ್ಳಲು ಅವಕಾಶ ಕೊಡುವ ಕಾಯ್ದೆ ಬೇಕೆಂಬುದು ಕಂಪನಿಯ ಬೇಡಿಕೆ. ಗವರ್ನರ್ ಜೋಸೆಫ್ ಟೂಲ್ ವಿಶೇಷ ಅಧಿವೇಶನ ಕರೆದರು, ಡಿಸೆಂಬರ್‌ನಲ್ಲಿ ಕಾಯ್ದೆಯೂ ಆಯಿತು. ಕಾಯ್ದೆಯಲ್ಲಿ ತಪ್ಪೇನೂ ಇರಲಿಲ್ಲ ಎಂದು ವಾದಿಸಬಹುದು. ಪ್ರಶ್ನೆ ಅದಲ್ಲ. ಯಾವ ಲಕೋಟೆಯೂ ಕೈ ಬದಲಾಯಿಸದೆ ಒಂದು ಕಂಪನಿ ಒಂದು ಸರ್ಕಾರವನ್ನು ಮಂಡಿಯೂರಿಸಿತು. ಇದರಲ್ಲಿ ಲಂಚವೆಂದು ಹಿಡಿಯುವಂಥದ್ದು ಯಾವುದೂ ಇಲ್ಲ.

1912ರ ನವೆಂಬರ್‌ನಲ್ಲಿ ಮೊಂಟಾನಾದ ಮತದಾರರು ಶಾಸಕರನ್ನು ನೆಚ್ಚಿಕೊಂಡು ಕೂರದೆ ತಾವೇ ನೇರ ಮತದಾನದಿಂದ ಭ್ರಷ್ಟಾಚಾರ ತಡೆ ಕಾಯ್ದೆಯನ್ನು ತಂದರು. ಅಭ್ಯರ್ಥಿಯನ್ನು ಗೆಲ್ಲಿಸಲಿಕ್ಕಾಗಲಿ ಸೋಲಿಸಲಿಕ್ಕಾಗಲಿ ಕಂಪನಿಗಳು ಹಣ ಕೊಡುವಂತಿಲ್ಲ ಎಂಬುದು ಅದರ ತಿರುಳು. ಲಂಚವನ್ನು ಶಿಕ್ಷಿಸುವುದು ಮಾತ್ರ ಉದ್ದೇಶವಾಗಿದ್ದರೆ ಇಷ್ಟು ಅಗಲವಾದ ನಿಷೇಧ ಬೇಕಿರಲಿಲ್ಲ. ಊರಿನ ಅನ್ನ ಯಾರ ಕೈಯಲ್ಲಿದೆಯೋ ಚುನಾವಣೆಯ ಖರ್ಚೂ ಅವರ ಕೈಗೆ ಹೋಗಬಾರದು ಎಂಬ ತಿಳಿವಳಿಕೆ ಅದರ ಹಿಂದಿದೆ ಎಂದು ನಾನು ಓದುತ್ತೇನೆ.

ಆದರೂ ಕಂಪನಿಯ ಹಿಡಿತ ಸಡಿಲಲಿಲ್ಲವಲ್ಲ ಎಂಬ ಆಕ್ಷೇಪ ನಿಜ. ಅನಕೊಂಡ ಎಂಬ ಹೆಸರಿನಲ್ಲಿ ಮುಂದುವರಿದ ಅದು ರಾಜ್ಯದ ಪ್ರಮುಖ ದಿನಪತ್ರಿಕೆಗಳನ್ನು ತಾನೇ ಇಟ್ಟುಕೊಂಡಿತ್ತು. ಅವನ್ನು ಮಾರಿದ್ದು 1959ರಲ್ಲಿ. ಒಂದು ಬಾಗಿಲು ಮುಚ್ಚಿದರೆ ಹಣ ಇನ್ನೊಂದರಿಂದ ಬರುತ್ತದೆ ಎನ್ನುವವರಿಗೆ ಇದು ಒಳ್ಳೆಯ ಸಾಕ್ಷಿ. ಅಷ್ಟಕ್ಕೇ ಮೊದಲಿನ ಬಾಗಿಲನ್ನು ತೆರೆದಿಡಬೇಕೆಂದು ಹೇಗಾದೀತು? ಶತಮಾನದ ನಂತರವೂ ಅಲ್ಲಿ ರಾಜ್ಯ ಸೆನೆಟ್‌ಗೆ ನಿಲ್ಲಲು ಸುಮಾರು 17,000 ಡಾಲರ್ ಸಾಕಾಗುತ್ತಿತ್ತು. ಮನೆಮನೆಗೆ ಹೋಗಿ ಮತ ಕೇಳುವವನಿಗೂ ಗೆಲುವಿನ ಆಸೆ ಉಳಿದಿತ್ತು.

2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ಸಿಟಿಜನ್ಸ್ ಯುನೈಟೆಡ್' ಪ್ರಕರಣದಲ್ಲಿ, ಅಭ್ಯರ್ಥಿಯೊಡನೆ ಸೇರಿಕೊಳ್ಳದೆ ಸ್ವತಂತ್ರವಾಗಿ ಮಾಡುವ ಚುನಾವಣಾ ಖರ್ಚು ಕಂಪನಿಗಳ ವಾಕ್ ಸ್ವಾತಂತ್ರ್ಯವೆಂದೂ, ಅಂಥ ಖರ್ಚು ಭ್ರಷ್ಟಾಚಾರಕ್ಕೆ ಎಡೆಮಾಡದೆಂದೂ ಹೇಳಿತು. ಭ್ರಷ್ಟಾಚಾರವೆಂದರೆ ಕೊಟ್ಟು ಪಡೆಯುವ ವ್ಯವಹಾರ ಮಾತ್ರ ಎಂಬುದು ಅದರ ನಿಲುವು. 2011ರ ಡಿಸೆಂಬರ್ 30ರಂದು ಮೊಂಟಾನಾದ ಸುಪ್ರೀಂ ಕೋರ್ಟ್ ತನ್ನ ರಾಜ್ಯದ ಇತಿಹಾಸವನ್ನೇ ಪುರಾವೆಯಾಗಿಟ್ಟು 1912ರ ಕಾಯ್ದೆಯನ್ನು 5-2ರ ಬಹುಮತದಿಂದ ಎತ್ತಿಹಿಡಿಯಿತು. 2012ರ ಜೂನ್ 25ರಂದು ವಾಷಿಂಗ್‌ಟನ್ನಿನ ಕೋರ್ಟು ವಾದವನ್ನೂ ಆಲಿಸದೆ 5-4ರಿಂದ ಅದನ್ನು ತಳ್ಳಿಹಾಕಿತು. ವಾಕ್ ಸ್ವಾತಂತ್ರ್ಯದ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸರ್ಕಾರದ ಕೈಗೆ ಮಾತಿನ ಅಳತೆಗೋಲು ಕೊಡುವುದು ಅಪಾಯವೇ. ಆದರೆ ನೂರು ವರ್ಷದ ಅನುಭವವನ್ನು ಪುರಾವೆಯೆಂದು ಕೇಳಿಸಿಕೊಳ್ಳುವುದಕ್ಕೂ ಒಪ್ಪದ ತೀರ್ಪು ನ್ಯಾಯದ ಶ್ರಮವನ್ನೇ ತಪ್ಪಿಸಿಕೊಂಡಿತು.

ನಿಷೇಧದಿಂದ ಹಣ ಕತ್ತಲಿಗೆ ಸರಿಯುತ್ತದೆ ಎಂಬ ಇನ್ನೊಂದು ವಾದಕ್ಕೆ ನಮ್ಮ ದೇಶವೇ ಉದಾಹರಣೆ. 1969ರಲ್ಲಿ ಕಂಪನಿ ದೇಣಿಗೆಯನ್ನು ನಿಷೇಧಿಸಿದ ಮೇಲೆ ಚೆಕ್ಕು ನಿಂತಿತು, ನಗದು ಬೆಳೆಯಿತು. 1985ರಲ್ಲಿ ನಿಷೇಧ ತೆಗೆಯಬೇಕಾಯಿತು. ಇದನ್ನು ಒಪ್ಪುತ್ತೇನೆ. ಆದರೆ ನಿಷೇಧ ತೆಗೆದ ಮಾತ್ರಕ್ಕೆ ಬೆಳಕು ಬರಲಿಲ್ಲ ಎಂಬುದನ್ನೂ ನೋಡಬೇಕು: 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಕಾನೂನುಬದ್ಧವಾಗಿಯೇ ಕೊಟ್ಟವರ ಹೆಸರನ್ನು ಮತದಾರರಿಂದ ಮರೆಮಾಡಿತು. 2024ರ ಫೆಬ್ರುವರಿ 15ರಂದು ನಮ್ಮ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದಾಗ, ಕಂಪನಿಗಳು ಮಿತಿಯಿಲ್ಲದೆ ಕೊಡಬಹುದೆಂಬ ತಿದ್ದುಪಡಿಯನ್ನೂ ತೆಗೆದುಹಾಕಿತು. ಹೆಸರು ಬಯಲಾಗುವುದು, ಮೊತ್ತಕ್ಕೆ ಮಿತಿಯಿರುವುದು, ಎರಡೂ ಒಟ್ಟಿಗೆ ಬೇಕು.

ಮೊಂಟಾನಾದವರು ಸೋತ ಮೇಲೂ ಸುಮ್ಮನಾಗಲಿಲ್ಲ. 2012ರ ನವೆಂಬರ್‌ನಲ್ಲಿ, ಕಂಪನಿಗಳಿಗೆ ಮನುಷ್ಯರ ಹಕ್ಕುಗಳಿಲ್ಲ ಎಂಬ ಘೋಷಣೆಯನ್ನು ನಾಲ್ವರಲ್ಲಿ ಮೂವರಷ್ಟು ಮತದಾರರು ಬೆಂಬಲಿಸಿದರು. ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಅಮೆರಿಕನ್ ಟ್ರೆಡಿಷನ್ ಪಾರ್ಟ್‌ನರ್‌ಶಿಪ್ ಎಂಬ ಸಂಘಟನೆಗೆ ಚುನಾವಣಾ ಖರ್ಚಿನ ವಿವರ ಬಚ್ಚಿಟ್ಟದ್ದಕ್ಕೆ ಅಲ್ಲಿನ ಜಿಲ್ಲಾ ನ್ಯಾಯಾಲಯ ಎರಡೂವರೆ ಲಕ್ಷ ಡಾಲರಿಗೂ ಮಿಕ್ಕಿ ದಂಡ ಹಾಕಿತು. 2012ರಲ್ಲಿ ಅಟಾರ್ನಿ ಜನರಲ್ ಆಗಿ ಹಳೆಯ ಕಾಯ್ದೆಯ ಪರ ನಿಂತು ಸೋತಿದ್ದ ಸ್ಟೀವ್ ಬುಲಕ್, 2015ರಲ್ಲಿ ಗವರ್ನರ್ ಆಗಿ, ಹೊರಗಿನ ಸಂಘಟನೆಗಳೂ ಖರ್ಚಿನ ಮೂಲವನ್ನು ತಿಳಿಸಬೇಕೆಂಬ ಕಾಯ್ದೆಗೆ ಸಹಿ ಹಾಕಿದರು. ಅದನ್ನು ಪಾಸು ಮಾಡಿದ್ದು ಎದುರು ಪಕ್ಷದವರ ಬಹುಮತವಿದ್ದ ಶಾಸನಸಭೆ.